ತಮ್ಮನ ಬ್ಯಾಗಿನಲ್ಲಿ ಹೊಸ ಸೂಜಿಗಳು ಸಿಕ್ಕವು, ಎಸೆದುಬಿಟ್ಟೆ. ತಪ್ಪು ಮಾಡಿದೆನಾ?

ಪ್ರಶ್ನೆ: ಡಾಕ್ಟರೇ, ನನ್ನ ತಮ್ಮನಿಗೆ 26 ವರ್ಷ. ನಾಲ್ಕು ವರ್ಷದಿಂದ ಹೆರಾಯಿನ್ ತೆಗೆದುಕೊಳ್ಳುತ್ತಿದ್ದಾನೆ. ಎರಡು ಸಲ ರಿಹ್ಯಾಬ್‌ಗೆ ಸೇರಿಸಿದೆವು. ಎರಡು ಸಲವೂ ಮನೆಗೆ ಬಂದು ಕೆಲವೇ ವಾರಗಳಲ್ಲಿ ಮತ್ತೆ ಶುರು ಮಾಡಿದ. ಕಳೆದ ವಾರ ಅವನ ಬ್ಯಾಗಿನಲ್ಲಿ ಒಂದು ಪೊಟ್ಟಣ ಸಿಕ್ಕಿತು. ಒಳಗೆ ಸೀಲ್ ಒಡೆಯದ ಸಿರಿಂಜುಗಳು, ಸ್ಪಿರಿಟ್ ಹತ್ತಿ, ಬಳಸಿದ ಸೂಜಿ ಹಾಕಲು ಒಂದು ಗಟ್ಟಿ ಡಬ್ಬಿ, ಜೊತೆಗೆ ಮೂಗಿಗೆ ಹೊಡೆಯುವ ಒಂದು ಸ್ಪ್ರೇ. ಡ್ರಗ್ಸ್ ಬಳಸುವವರಿಗೆ ಇದನ್ನೆಲ್ಲ ಪುಕ್ಕಟೆ ಕೊಡುವ ಕೇಂದ್ರ ಇದೆಯಂತೆ. ನನಗೆ ಮೈ ಉರಿದುಹೋಯಿತು. ಎಲ್ಲವನ್ನೂ ಕಸಕ್ಕೆ ಎಸೆದೆ. ಅವತ್ತಿನಿಂದ ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಬಿಡಿಸಬೇಕಾದವರೇ ಸೂಜಿ ಕೊಟ್ಟರೆ ಅವನು ಬಿಡುವುದು ಯಾವಾಗ? ಇದು ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ ಅಲ್ವಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಕಣ್ಣು ನಿಂತಿದ್ದು ಆ ಗಟ್ಟಿ ಡಬ್ಬಿಯ ಮೇಲೆ. ತಾನು ಬಳಸಿದ ಸೂಜಿ ಇನ್ಯಾರಿಗೂ ಚುಚ್ಚಬಾರದು ಅಂತ ನಿಮ್ಮ ತಮ್ಮ ಡಬ್ಬಿ ಇಟ್ಟುಕೊಂಡಿದ್ದಾನೆ. ಮೈಗೆ ರೋಗ ಅಂಟಬಾರದು ಅಂತ ಹೊಸ ಸೂಜಿ ತಂದಿದ್ದಾನೆ. ಉಸಿರು ನಿಂತರೆ ಯಾರಾದರೂ ಉಳಿಸಲಿ ಅಂತ ಸ್ಪ್ರೇ ತಂದಿದ್ದಾನೆ. ಇಷ್ಟಕ್ಕೂ ಅವನು ಆ ಕೇಂದ್ರದ ಬಾಗಿಲು ದಾಟಿ ಒಳಗೆ ಹೋಗಿ, ನಾನು ಡ್ರಗ್ಸ್ ತಗೋತೀನಿ ಅಂತ ಒಬ್ಬ ಅಪರಿಚಿತರ ಮುಂದೆ ಬಾಯಿಬಿಟ್ಟು ಹೇಳಿರಬೇಕು. ಅದು ಸುಲಭದ ಮಾತಲ್ಲ. ಎಷ್ಟೋ ಜನ ಆ ಬಾಗಿಲ ಎದುರಿಗೆ ಮೂರು ನಾಲ್ಕು ಸಲ ಓಡಾಡಿ ವಾಪಸ್ ಹೋಗುವುದನ್ನು ನಾನು ನೋಡಿದ್ದೇನೆ.

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ನಾಲ್ಕು ವರ್ಷ ನಿದ್ದೆಗೆಟ್ಟ ಅಕ್ಕನಿಗೆ ಆ ಪೊಟ್ಟಣ ನೋಡಿದಾಗ ಬೇರೆ ಏನು ಅನ್ನಿಸಬೇಕು? ಆದರೆ ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಸೇರಿಕೊಂಡಿವೆ. ಅವನು ಬಿಡುವುದು ಯಾವಾಗ ಅನ್ನುವುದು ಒಂದು. ಬಿಡುವ ದಿನ ಬರುವವರೆಗೆ ಅವನು ಉಳಿದಿರುತ್ತಾನಾ, ಉಳಿದರೂ ಯಾವ ಸ್ಥಿತಿಯಲ್ಲಿರುತ್ತಾನೆ ಅನ್ನುವುದು ಇನ್ನೊಂದು. ಆ ಕೇಂದ್ರದವರು ಮೊದಲು ಕೈ ಹಾಕುವುದು ಎರಡನೆಯದಕ್ಕೆ. ಇದನ್ನು ಹಾನಿ ತಗ್ಗಿಸುವ ಸೇವೆ, ಹಾರ್ಮ್ ರಿಡಕ್ಷನ್ ಅನ್ನುತ್ತಾರೆ.

ಸೂಜಿಯಿಂದಲೇ ಶುರು ಮಾಡೋಣ. ಹೊಸ ಸೂಜಿಯ ತುದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಓರೆಯಾಗಿ ಕತ್ತರಿಸಿದ ನುಣುಪಾದ ಅಂಚು ಕಾಣುತ್ತದೆ. ಒಂದು ಸಲ ಚುಚ್ಚಿದ ಮೇಲೆ ಆ ತುದಿ ಸ್ವಲ್ಪ ಮೊಂಡಾಗುತ್ತದೆ. ಐದಾರು ಸಲ ಆದ ಮೇಲೆ ಮೀನಿನ ಗಾಳದ ಹಾಗೆ ಬಾಗಿ ಕೊಕ್ಕೆಯಾಗಿರುತ್ತದೆ. ಆ ಕೊಕ್ಕೆ ಪ್ರತಿಸಲ ಒಳಗೆ ಹೋಗಿ ಬರುವಾಗ ರಕ್ತನಾಳವನ್ನು ಹರಿಯುತ್ತದೆ. ಅಲ್ಲಿ ಕೀವು ಕಟ್ಟುತ್ತದೆ. ಕೆಲವರಿಗೆ ಆ ಸೋಂಕು ರಕ್ತದ ಜೊತೆ ಹೃದಯದ ಕವಾಟದವರೆಗೂ ಹೋಗುತ್ತದೆ. ಇನ್ನು ಸಿರಿಂಜಿನ ಒಳಗೆ ಉಳಿಯುವ ರಕ್ತ ಎಷ್ಟೋ ಸಲ ಕಣ್ಣಿಗೂ ಕಾಣುವುದಿಲ್ಲ. ಆದರೆ ಅಷ್ಟರಲ್ಲೇ ಹೆಪಟೈಟಿಸ್ ಸಿ ವೈರಸ್ ವಾರಗಟ್ಟಲೆ ಬದುಕಿರಬಲ್ಲದು. ಒಂದು ಪ್ರಯೋಗದಲ್ಲಿ 63 ದಿನದವರೆಗೂ ಜೀವಂತವಾಗಿತ್ತು. ಈ ರೋಗ ಬಂದರೆ ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಸುಮ್ನೆ ಸುಸ್ತು ಅಂತ ಓಡಾಡಿಕೊಂಡಿರುತ್ತಾರೆ, ಒಳಗೆ ಲಿವರ್ ಗಟ್ಟಿಯಾಗುತ್ತಾ ಹೋಗುತ್ತದೆ.

ಸೂಜಿ ಸಿಗದಿದ್ದರೆ ಬಿಡುತ್ತಾರೆ ಅಂತ ನೀವು ಅಂದುಕೊಂಡ ಹಾಗೆ ದೊಡ್ಡ ದೊಡ್ಡ ಊರುಗಳೂ ಅಂದುಕೊಂಡಿದ್ದವು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 1980ರ ದಶಕದ ಮೊದಲ ವರ್ಷಗಳಲ್ಲಿ ಪೊಲೀಸರು ಸಿರಿಂಜು ಸಿಕ್ಕಲ್ಲಿ ಕಿತ್ತುಕೊಂಡರು, ಅಂಗಡಿಗಳಲ್ಲಿ ಸಿಗುವುದೂ ಕಷ್ಟವಾಯಿತು. ಹೆರಾಯಿನ್ ನಿಲ್ಲಲಿಲ್ಲ. ಇದ್ದ ಒಂದೇ ಸಿರಿಂಜು ಕೈಯಿಂದ ಕೈಗೆ ಹೋಯಿತು. ಅಲ್ಲಿನ ಒಂದು ಕ್ಲಿನಿಕ್‌ನಲ್ಲಿ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದ 164 ಜನರ ರಕ್ತ ಪರೀಕ್ಷೆ ಮಾಡಿದರು. 83 ಜನರಿಗೆ ಎಚ್‌ಐವಿ ಇತ್ತು. ಅರ್ಧಕ್ಕಿಂತ ಜಾಸ್ತಿ! ಈ ವರದಿ ಬಂದಿದ್ದು 1986ರಲ್ಲಿ. ಅದೇ ವರ್ಷ ಲಿವರ್‌ಪೂಲ್‌ನವರು ಹಳೇ ಸೂಜಿ ತೆಗೆದುಕೊಂಡು ಹೊಸದು ಕೊಡುವ ಕೆಲಸ ಶುರು ಮಾಡಿದರು. ಅಲ್ಲೂ ಹೆರಾಯಿನ್ ಬೇಕಾದಷ್ಟಿತ್ತು, ಆದರೆ ಎಚ್‌ಐವಿ ಎಡಿನ್‌ಬರೋದ ಹಾಗೆ ಹಬ್ಬಲಿಲ್ಲ.

ಇದು ಹಳೇ ಕಥೆ ಅನ್ನಬೇಡಿ. 2015ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಸ್ಕಾಟ್ ಕೌಂಟಿ ಅನ್ನುವ ಹಳ್ಳಿಗಾಡಿನ ಪ್ರದೇಶದಲ್ಲಿ ಇದೇ ಮತ್ತೆ ನಡೆಯಿತು. ವರ್ಷಕ್ಕೆ ಬೆರಳೆಣಿಕೆಯಷ್ಟು ಎಚ್‌ಐವಿ ಪ್ರಕರಣವೂ ಕಾಣದಿದ್ದ ಜಾಗದಲ್ಲಿ ಆ ಒಂದು ವರ್ಷದಲ್ಲೇ 180ಕ್ಕೂ ಜಾಸ್ತಿ ಜನರಿಗೆ ಬಂತು. ಅಲ್ಲಿ ಸೂಜಿ ಹಂಚುವುದಕ್ಕೆ ಕಾನೂನಿನ ಅನುಮತಿ ಇರಲಿಲ್ಲ. ಸೂಜಿ ಹಂಚಿಕೆಯನ್ನು ವಿರೋಧಿಸುತ್ತಿದ್ದ ಗವರ್ನರ್ ಮೈಕ್ ಪೆನ್ಸ್ ಅವರೇ ಕೊನೆಗೆ ತುರ್ತು ಆದೇಶ ಹೊರಡಿಸಿ ಅದಕ್ಕೆ ದಾರಿ ಮಾಡಿಕೊಡಬೇಕಾಯಿತು.

ಸರಿ, ರೋಗ ತಡೆಯಿತು. ಆದರೆ ಚಟಕ್ಕೆ ಕುಮ್ಮಕ್ಕು ಕೊಟ್ಟ ಹಾಗಾಗಲಿಲ್ವಾ? ನಿಮ್ಮ ನಿಜವಾದ ಪ್ರಶ್ನೆ ಇದು. ಸಿಯಾಟಲ್‌ನಲ್ಲಿ ನಡೆದ ಒಂದು ಅಧ್ಯಯನ ಇದನ್ನೇ ಹುಡುಕಿತು. ಸೂಜಿ ಕೇಂದ್ರಕ್ಕೆ ಹೊಸದಾಗಿ ಬರಲು ಶುರು ಮಾಡಿದವರು, ಅಲ್ಲಿಗೆ ಕಾಲೇ ಇಡದವರಿಗಿಂತ ಐದು ಪಟ್ಟು ಜಾಸ್ತಿ ಚಿಕಿತ್ಸೆಗೆ ಸೇರಿದರು. ಕಾರಣ ತುಂಬಾ ಸರಳ. ಡ್ರಗ್ಸ್ ತೆಗೆದುಕೊಳ್ಳುವವರು ಎಲ್ಲರಿಂದ ಬಚ್ಚಿಟ್ಟುಕೊಂಡು ಬದುಕುತ್ತಾರೆ. ಮನೆಯವರ ಹತ್ತಿರ ಸುಳ್ಳು, ಕೆಲಸದ ಜಾಗದಲ್ಲಿ ಸುಳ್ಳು, ಡಾಕ್ಟರ ಹತ್ತಿರ ಇನ್ನೂ ದೊಡ್ಡ ಸುಳ್ಳು. ಸುಳ್ಳು ಹೇಳಬೇಕಿಲ್ಲದ ಜಾಗ ಇಡೀ ವಾರದಲ್ಲಿ ಆ ಕೇಂದ್ರ ಒಂದೇ. ಅಲ್ಲಿ ಸೂಜಿ ಕೊಡುವವರು ಹೆಸರು ಕೇಳುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಕೈ ನೋಡಿ, ಈ ಗಾಯಕ್ಕೆ ಔಷಧಿ ಹಚ್ಚೋಣ ಬಾ ಅನ್ನುತ್ತಾರೆ. ಎರಡನೇ ವಾರ ಊಟ ಆಯ್ತಾ ಅಂತಾರೆ. ಏಳನೇ ವಾರವೋ ಇಪ್ಪತ್ತನೇ ವಾರವೋ, ಅವನೇ ಬಾಯಿಬಿಟ್ಟು ಕೇಳುತ್ತಾನೆ: ಇದನ್ನ ಬಿಡೋಕೆ ಏನಾದ್ರೂ ದಾರಿ ಇದ್ಯಾ? ಆ ಮಾತನ್ನು ಕೇಳಿಸಿಕೊಳ್ಳಲು ಅವತ್ತು ಅಲ್ಲಿ ಒಬ್ಬರು ಕೂತಿರಬೇಕು. ಸೂಜಿ ಹಂಚುವ ಕೆಲಸದ ಅರ್ಧ ತಿರುಳು ಅದೇ.

ಈ ಸೇವೆ ಶುರುವಾದ ಬಗೆಯನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಇದು ದೊಡ್ಡವರು ಮೇಲಿಂದ ಇಳಿಸಿದ ಯೋಜನೆಯಲ್ಲ. 1984ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಡ್ರಗ್ಸ್ ಬಳಸುವವರು ತಮ್ಮದೇ ಸಂಘ ಕಟ್ಟಿಕೊಂಡಿದ್ದರು. ಗೆಳೆಯರಿಗೆಲ್ಲ ಹೆಪಟೈಟಿಸ್ ಬಿ ಅಂಟುತ್ತಿರುವುದನ್ನು ನೋಡಿ ಅವರೇ ಸೂಜಿ ಹಂಚಲು ಮುಂದೆ ಬಂದರು. ನಗರದ ಆರೋಗ್ಯ ಇಲಾಖೆ ಅವರಿಗೆ ಸೂಜಿ ಒದಗಿಸಿತು. ಇವತ್ತಿಗೂ ಚೆನ್ನಾಗಿ ನಡೆಯುವ ಕೇಂದ್ರಗಳಲ್ಲಿ ಹಿಂದೆ ಬಳಸುತ್ತಿದ್ದವರು, ಈಗಲೂ ಬಳಸುವವರು ಕೆಲಸಕ್ಕಿರುತ್ತಾರೆ. ನನ್ನಂಥ ಡಾಕ್ಟರು ಹತ್ತು ಸಲ ಹೇಳಿದರೂ ಇಳಿಯದ ಮಾತು ಅವರು ಒಂದು ಸಲ ಹೇಳಿದರೆ ಇಳಿಯುತ್ತದೆ.

ಈಗ ಆ ಸ್ಪ್ರೇ ವಿಷಯ. ನೀವು ಎಸೆದದ್ದರಲ್ಲಿ ನನಗೆ ಜಾಸ್ತಿ ಸಂಕಟವಾಗಿದ್ದು ಅದಕ್ಕೇ. ಅದು ಬಹುಶಃ ನಲಾಕ್ಸೋನ್. ಹೆರಾಯಿನ್ ಜಾಸ್ತಿಯಾಗಿ ಉಸಿರು ನಿಂತಾಗ, ಅಂದರೆ ಓವರ್‌ಡೋಸ್ ಆದಾಗ, ಉಸಿರು ಮರಳಿಸುವ ಔಷಧಿ. 1961ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಔಷಧಿ. ದಶಕಗಟ್ಟಲೆ ಅದು ಆಸ್ಪತ್ರೆ, ಆಂಬುಲೆನ್ಸ್ ಬಿಟ್ಟು ಹೊರಗೆ ಬರಲಿಲ್ಲ. ಓವರ್‌ಡೋಸ್ ಆಗುವುದು ಮಾತ್ರ ಮನೆಯಲ್ಲಿ, ಬಾತ್‌ರೂಮಿನಲ್ಲಿ, ಗೆಳೆಯನ ರೂಮಿನಲ್ಲಿ. 1990ರ ದಶಕದಲ್ಲಿ ಶಿಕಾಗೋದ ಒಂದು ಹಾರ್ಮ್ ರಿಡಕ್ಷನ್ ತಂಡ ಅದನ್ನು ಡ್ರಗ್ಸ್ ಬಳಸುವವರ ಕೈಗೇ ಕೊಡಲು ಶುರು ಮಾಡಿತು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳಿತು: ಓವರ್‌ಡೋಸ್ ಕಣ್ಣಾರೆ ನೋಡುವ ಸಾಧ್ಯತೆ ಇರುವ ಗೆಳೆಯರು, ಮನೆಯವರು ಎಲ್ಲರ ಕೈಗೂ ಇದು ಸಿಗಬೇಕು.

ಹೆರಾಯಿನ್, ಮಾರ್ಫಿನ್, ಫೆಂಟಾನಿಲ್ ಇವೆಲ್ಲ ಒಂದೇ ಜಾತಿಯವು, ಓಪಿಯಾಯ್ಡ್‌ಗಳು. ಜಾಸ್ತಿಯಾದರೆ ಇವು ಮೊದಲು ನಿಧಾನ ಮಾಡುವುದು ಉಸಿರಾಟವನ್ನು. ಉಸಿರಾಡು ಅಂತ ಮೆದುಳು ಹೇಳುವುದನ್ನೇ ಮರೆಯುತ್ತದೆ. ನೋಡಿದವರಿಗೆ ಇದು ಗಾಢ ನಿದ್ದೆಯ ಹಾಗೆ ಕಾಣುತ್ತದೆ. ಗೊರಕೆಯ ಹಾಗೆ, ಗಂಟಲಲ್ಲಿ ನೀರು ಸಿಕ್ಕಿಕೊಂಡ ಹಾಗೆ ಒಂದು ಗೊರಗೊರ ಸದ್ದು ಬರುತ್ತದೆ. ಪಾಪ, ಮಲಗಿದ್ದಾನೆ, ಮಲಗಲಿ ಬಿಡು ಅಂತ ಮನೆಯವರು ಬಾಗಿಲು ಹಾಕಿಕೊಂಡು ಬಂದಿದ್ದಾರೆ, ಬೆಳಿಗ್ಗೆ ನೋಡಿದರೆ ಮೈ ತಣ್ಣಗಾಗಿದೆ. ಇಂಥ ತಾಯಂದಿರ ಜೊತೆ ನಾನು ಕೂತಿದ್ದೇನೆ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ತುಟಿ, ಉಗುರು ನೀಲಿಯಾಗಿದ್ದರೆ ಅಥವಾ ಬೂದಿ ಬಣ್ಣಕ್ಕೆ ತಿರುಗಿದ್ದರೆ, ಕರೆದರೆ ಏಳದಿದ್ದರೆ, ಎದೆಯ ನಡುವಿನ ಮೂಳೆಯ ಮೇಲೆ ಬೆರಳ ಗೆಣ್ಣುಗಳಿಂದ ಗಟ್ಟಿಯಾಗಿ ಉಜ್ಜಿದರೂ ಮುಖ ಕಿವುಚದಿದ್ದರೆ, ಅದು ನಿದ್ದೆಯಲ್ಲ. ತಕ್ಷಣ ಆಂಬುಲೆನ್ಸ್‌ಗೆ ಫೋನ್ ಮಾಡಿ, ಉಸಿರಾಡುತ್ತಿಲ್ಲ ಅಂತ ಹೇಳಿ. ಅವನನ್ನು ಅಂಗಾತ ಮಲಗಿಸಿ ಸ್ಪ್ರೇಯ ತುದಿಯನ್ನು ಒಂದು ಮೂಗಿನ ಹೊಳ್ಳೆಗೆ ಇಟ್ಟು ಪೂರ್ತಿ ಒತ್ತಿ. ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ, ಐದು ಸೆಕೆಂಡಿಗೆ ಒಂದರಂತೆ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಿ. ಅದು ಬರದಿದ್ದರೆ ಫೋನಿನಲ್ಲಿ ಇರುವವರು ಹೇಳಿದ ಹಾಗೆ ಮಾಡಿ, ಸುಮ್ಮನೆ ಕೂರಬೇಡಿ. ಎರಡು ಮೂರು ನಿಮಿಷದಲ್ಲಿ ಉಸಿರು ಬಾರದಿದ್ದರೆ ಎರಡನೇ ಡೋಸ್ ಕೊಡಿ. ಉಸಿರು ಬಂದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ವಾಂತಿಯಾದರೆ ಗಂಟಲಿಗೆ ಸಿಕ್ಕಬಾರದು. ತಣ್ಣೀರು ಸುರಿಯುವುದು, ಕೆನ್ನೆಗೆ ಬಾರಿಸುವುದು, ಉಪ್ಪುನೀರು ಚುಚ್ಚುವುದು, ಏನಾದರೂ ಕುಡಿಸುವುದು, ಇವು ಯಾವುದರಿಂದಲೂ ಉಸಿರು ಬರುವುದಿಲ್ಲ, ಸಮಯ ಹೋಗುತ್ತದೆ ಅಷ್ಟೇ.

ಇನ್ನೊಂದು ಮಾತು. ನಲಾಕ್ಸೋನ್ ಕೆಲಸ ಮಾಡುವುದು ಸುಮಾರು 30ರಿಂದ 90 ನಿಮಿಷ. ಹೆರಾಯಿನ್ ಮೈಯಲ್ಲಿ ಇನ್ನೂ ಇರುತ್ತದೆ. ಎದ್ದವನಿಗೆ ಮೈಕೈ ನೋವು, ವಾಕರಿಕೆ, ಸಿಟ್ಟು ಎಲ್ಲ ಒಟ್ಟಿಗೆ ಬರುತ್ತದೆ. ನಿಮ್ಮನ್ನೇ ಬೈದಾನು. ಬೈಯಲಿ. ಅವನನ್ನು ಒಬ್ಬನೇ ಬಿಡಬೇಡಿ, ಮತ್ತೆ ತೆಗೆದುಕೊಳ್ಳದ ಹಾಗೆ ಜೊತೆಗಿರಿ. ಓಪಿಯಾಯ್ಡ್ ಅಲ್ಲದ ಬೇರೆ ಡ್ರಗ್ಸ್‌ಗೆ ಇದು ಕೆಲಸ ಮಾಡುವುದಿಲ್ಲ, ಆದರೆ ಯಾವುದು ತೆಗೆದುಕೊಂಡಿದ್ದಾನೆ ಅಂತ ಗೊತ್ತಿಲ್ಲದಿದ್ದರೂ ಕೊಡಿ, ಕೆಡುಕಾಗುವುದಿಲ್ಲ.

ಸ್ಪ್ರೇಯನ್ನು ತನಗೆ ತಾನೇ ಯಾರೂ ಕೊಟ್ಟುಕೊಳ್ಳಲು ಆಗುವುದಿಲ್ಲ. ಪಕ್ಕದಲ್ಲಿ ಒಬ್ಬರು ಇರಲೇಬೇಕು. ಬೈಗುಳಕ್ಕೆ ಹೆದರಿ ಅವನು ಬಾಗಿಲು ಹಾಕಿಕೊಂಡು ಒಬ್ಬನೇ ತೆಗೆದುಕೊಂಡರೆ ಸ್ಪ್ರೇ ಇದ್ದೂ ಇಲ್ಲದ ಹಾಗೆ. ಕೆಲವು ದೇಶಗಳಲ್ಲಿ ಡ್ರಗ್ಸ್ ತೆಗೆದುಕೊಳ್ಳಲೆಂದೇ ನರ್ಸ್ ಇರುವ ಜಾಗ ಮಾಡಿಕೊಟ್ಟಿದ್ದಾರೆ ಅಂತ ಕೇಳಿ ನಿಮಗೆ ಆಶ್ಚರ್ಯವಾಗಬಹುದು. ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ 1986ರಲ್ಲಿ ಮೊದಲನೆಯದು ತೆರೆಯಿತು. ಕೆನಡಾದ ವ್ಯಾಂಕೂವರ್‌ನಲ್ಲಿ 2003ರಲ್ಲಿ ಇನ್‌ಸೈಟ್ ಅನ್ನುವ ಕೇಂದ್ರ ಬಂತು. ಅದನ್ನು ಮುಚ್ಚಿಸಬೇಕು ಅಂತ ಸರ್ಕಾರ ಹೊರಟಾಗ ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಅಷ್ಟು ವರ್ಷಗಳಲ್ಲಿ ಅಲ್ಲಿ ಎಷ್ಟೋ ಓವರ್‌ಡೋಸ್ ಆಗಿದ್ದರೂ ಒಂದು ಸಾವೂ ಆಗಿರಲಿಲ್ಲ. 2011ರಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಅದು ತೆರೆದೇ ಇರಬೇಕು ಅಂದರು.

ನಿಮ್ಮ ತಮ್ಮ ಎರಡು ಸಲ ರಿಹ್ಯಾಬ್‌ಗೆ ಹೋಗಿ ಬಂದಿದ್ದಾನೆ ಅಂದಿರಿ. ಇಲ್ಲಿ ನನಗೆ ಭಯವಾಗುತ್ತದೆ. ದಿನಾ ತೆಗೆದುಕೊಳ್ಳುವವರ ಮೈ ಆ ಪ್ರಮಾಣಕ್ಕೆ ಒಗ್ಗಿಕೊಂಡಿರುತ್ತದೆ. ಕೆಲವು ವಾರ ಬಿಟ್ಟರೆ ಆ ರೂಢಿ ಹೋಗಿಬಿಡುತ್ತದೆ. ಆದರೆ ಮನಸ್ಸಿಗೆ ನೆನಪಿರುವುದು ಹಳೇ ಡೋಸೇ. ವಾಪಸ್ ಬಂದು ಅಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಬಿಡುಗಡೆಯಾದವರ ಲೆಕ್ಕ ತೆಗೆದಿದ್ದರು. 2007ರ ಆ ವರದಿ ಪ್ರಕಾರ ಹೊರಬಂದ ಮೊದಲ ಎರಡು ವಾರಗಳಲ್ಲಿ ಅವರು ಓವರ್‌ಡೋಸ್‌ನಿಂದ ಸಾಯುವ ಸಾಧ್ಯತೆ ಉಳಿದ ಜನರಿಗಿಂತ 129 ಪಟ್ಟು ಜಾಸ್ತಿ ಇತ್ತು. ರಿಹ್ಯಾಬ್‌ನಿಂದ ಬಂದವರಿಗೂ ಇದೇ ಅಪಾಯ. ಮಗ ಸರಿಹೋಗಿ ಬಂದ ಅಂತ ಮನೆಯವರು ನಿರಾಳವಾಗುವ ಆ ಹದಿನೈದು ದಿನಗಳೇ ಅತಿ ಕೆಟ್ಟವು. ಮತ್ತೆ ಯಾವಾಗಲಾದರೂ ಅವನನ್ನು ಸೇರಿಸಿದರೆ, ಅವನು ಮನೆಗೆ ಬರುವ ಮುಂಚೆಯೇ ಸ್ಪ್ರೇ ಮನೆಯಲ್ಲಿರಬೇಕು. ಅಷ್ಟೇ ಅಲ್ಲ, ಬರೀ ಬಿಡಿಸಿ ಕಳಿಸುವ ಜಾಗಕ್ಕಿಂತ ಔಷಧಿ ಕೊಡುವ ಜಾಗ ಹುಡುಕಿ.

ಆ ಔಷಧಿಗಳು ಮೆಥಡೋನ್ ಮತ್ತು ಬ್ಯುಪ್ರೆನಾರ್ಫಿನ್. ಇವೂ ಓಪಿಯಾಯ್ಡ್‌ಗಳೇ, ಹಾಗಾಗಿ ಒಂದು ಡ್ರಗ್ ಬದಲು ಇನ್ನೊಂದು ಡ್ರಗ್ ಕೊಟ್ಟ ಹಾಗೆ ಅಂತ ಜನ ಹೇಳುತ್ತಾರೆ. ಅವನ ಒಂದು ದಿನವನ್ನು ಯೋಚಿಸಿ ನೋಡಿ. ಹೆರಾಯಿನ್ ಪರಿಣಾಮ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಏಳುವಾಗಲೇ ಮೂಗು ಸೋರುತ್ತದೆ, ಕಾಲು ಸೆಳೆಯುತ್ತದೆ, ಹೊಟ್ಟೆ ತೊಳಸುತ್ತದೆ. ದುಡ್ಡು ಹೊಂದಿಸಬೇಕು, ಮಾರುವವನನ್ನು ಹುಡುಕಬೇಕು, ಜಾಗ ಹುಡುಕಬೇಕು. ಸಂಜೆಗೆ ಮತ್ತೆ ಅದೇ. ಎಷ್ಟೋ ವರ್ಷದಿಂದ ಅವನಿಗೆ ಮಜಾ ಅಂತ ಏನೂ ಉಳಿದಿರುವುದಿಲ್ಲ, ಆ ಸಂಕಟ ಬಾರದಿದ್ದರೆ ಸಾಕು ಅಂತ ತೆಗೆದುಕೊಳ್ಳುತ್ತಿರುತ್ತಾನೆ. ಮೆಥಡೋನ್ ಒಂದು ಸಲ ಕುಡಿದರೆ ಇಡೀ ದಿನ ಆ ಸಂಕಟ ಬರುವುದಿಲ್ಲ, ಸರಿಯಾದ ಡೋಸಿನಲ್ಲಿ ಅಮಲೂ ಏರುವುದಿಲ್ಲ. ಅವನ ಕೈಗೆ ಖಾಲಿ ದಿನ ಸಿಗುತ್ತದೆ. ಕೆಲಸಕ್ಕೆ ಹೋಗಬಹುದು, ನಿಮ್ಮ ಜೊತೆ ಕೂತು ಉಣ್ಣಬಹುದು. ನ್ಯೂಯಾರ್ಕಿನಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್‌ವಾಂಡರ್ ಎಂಬ ವೈದ್ಯರು 1960ರ ದಶಕದಲ್ಲಿ ಇದನ್ನು ಮೊದಲು ತೋರಿಸಿದರು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎರಡನ್ನೂ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಫ್ರಾನ್ಸ್‌ನಲ್ಲಿ 1990ರ ದಶಕದ ಮಧ್ಯದಲ್ಲಿ ಸಾಮಾನ್ಯ ಡಾಕ್ಟರುಗಳೂ ಬ್ಯುಪ್ರೆನಾರ್ಫಿನ್ ಬರೆದುಕೊಡಬಹುದು ಅಂತ ಮಾಡಿದರು. 1995ರಿಂದ 1999ರ ಒಳಗೆ ಅಲ್ಲಿ ಓವರ್‌ಡೋಸ್ ಸಾವುಗಳು ಶೇ. 79ರಷ್ಟು ಇಳಿದವು. ವರ್ಷಗಟ್ಟಲೆ ತೆಗೆದುಕೊಳ್ಳಬೇಕಾಗಬಹುದು, ಅದಕ್ಕೆ ಬೇಸರ ಬೇಡ. ಅವಸರದಲ್ಲಿ ನಿಲ್ಲಿಸಿದರೆ ನಾನು ಮೇಲೆ ಹೇಳಿದ ಅಪಾಯವೇ ಮತ್ತೆ ಬರುತ್ತದೆ.

ಈ ಸೇವೆಗಳಲ್ಲಿ ಕೊರತೆ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ನಾನು ಶುರುವಿನಲ್ಲಿ ಕೆಲಸ ಮಾಡಿದ ಒಂದು ಕೇಂದ್ರದಲ್ಲಿ ಒಂದು ಕಟ್ಟುನಿಟ್ಟು ಇತ್ತು: ಹಳೇ ಸೂಜಿ ಎಷ್ಟು ತಂದರೆ ಹೊಸದು ಅಷ್ಟೇ. ಒಂದು ಸಂಜೆ ನಿಮ್ಮ ತಮ್ಮನ ವಯಸ್ಸಿನ ಹುಡುಗ ಬರಿಗೈಯಲ್ಲಿ ಬಂದ. ದಾರಿಯಲ್ಲಿ ಪೊಲೀಸರು ಡಬ್ಬಿ ಕಿತ್ತುಕೊಂಡರು ಅಂದ. ನಿಯಮ ನಿಯಮವೇ ಅಂತ ನಾನೇ ವಾಪಸ್ ಕಳಿಸಿದೆ. ಅವತ್ತು ರಾತ್ರಿ ಅವನು ಗೆಳೆಯನ ಸೂಜಿ ಬಳಸಿದ್ದಾಗಿ ಆಮೇಲೆ ಹೇಳಿದ. ಕೆಲವು ತಿಂಗಳ ನಂತರ ಅವನ ಹೆಪಟೈಟಿಸ್ ಸಿ ವರದಿಯನ್ನು ಅವನಿಗೆ ಓದಿ ಹೇಳಿದ್ದೂ ನಾನೇ. ಸೋಂಕು ಅವತ್ತಿನದೇ ಅಂತ ಯಾರೂ ಖಚಿತವಾಗಿ ಹೇಳಲಾರರು. ಆದರೆ ಅವತ್ತಿನಿಂದ ಬರಿಗೈಯಲ್ಲಿ ಬಂದವರನ್ನು ನಾನು ಬರಿಗೈಯಲ್ಲಿ ಕಳಿಸಿಲ್ಲ. ಈಗ ಹೆಪಟೈಟಿಸ್ ಸಿಗೆ ಒಳ್ಳೆಯ ಮಾತ್ರೆಗಳಿವೆ, ಎರಡು ಮೂರು ತಿಂಗಳಲ್ಲಿ 100ರಲ್ಲಿ 95ಕ್ಕೂ ಜಾಸ್ತಿ ಜನರಿಗೆ ವಾಸಿಯಾಗುತ್ತದೆ. ನಿಮ್ಮ ತಮ್ಮ ಆ ಕೇಂದ್ರದಲ್ಲೇ ರಕ್ತ ಪರೀಕ್ಷೆಯ ಬಗ್ಗೆ ಕೇಳಲಿ.

ಅಕ್ಕಪಕ್ಕದವರು ಸೂಜಿಗಳು ಬೀದಿಯಲ್ಲಿ ಬೀಳುತ್ತವೆ ಅಂತ ಹೆದರುವುದೂ ಸಹಜ. ಸೂಜಿ ಕೇಂದ್ರಗಳಿದ್ದ ಸ್ಯಾನ್ ಫ್ರಾನ್ಸಿಸ್ಕೋವನ್ನೂ ಆಗ ಕೇಂದ್ರವೇ ಇರದಿದ್ದ ಮಯಾಮಿಯನ್ನೂ ಹೋಲಿಸಿದ ಒಂದು ಅಧ್ಯಯನ 2012ರಲ್ಲಿ ಬಂತು. ಎಲ್ಲೆಂದರಲ್ಲಿ ಎಸೆದ ಸಿರಿಂಜುಗಳು ಮಯಾಮಿಯಲ್ಲೇ ಎಂಟು ಪಟ್ಟು ಜಾಸ್ತಿ ಇದ್ದವು. ವಾಪಸ್ ಕೊಡಲು ಒಂದು ಜಾಗ ಇದ್ದರೆ ಜನ ವಾಪಸ್ ಕೊಡುತ್ತಾರೆ.

ಹಾಗಾದರೆ ನೀವೀಗ ಏನು ಮಾಡಬೇಕು? ಮೊದಲು, ಎಸೆದದ್ದಕ್ಕೆ ಒಂದು ಮಾತು ಹೇಳಿ. ಉದ್ದ ಬೇಡ. "ನನಗೆ ಗೊತ್ತಿರಲಿಲ್ಲ ಕಣೋ. ಭಯ ಆಯ್ತು, ಎಸೆದೆ. ಇನ್ನೊಂದು ತಂದುಕೋ" ಅಂದರೆ ಸಾಕು. ಅವನು ಉತ್ತರ ಕೊಡದಿರಬಹುದು, ಆದರೆ ಕೇಳಿಸಿಕೊಂಡಿರುತ್ತಾನೆ. ಯಾವಾಗ ಬಿಡ್ತೀಯಾ ಅನ್ನುವ ಪ್ರಶ್ನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅದನ್ನು ಅವನು ದಿನಾ ತನಗೆ ತಾನೇ ಕೇಳಿಕೊಳ್ಳುತ್ತಿರುತ್ತಾನೆ. ಅದರ ಬದಲು, ಒಬ್ಬನೇ ಇರುವಾಗ ತಗೋಬೇಡ, ಬಾಗಿಲ ಚಿಲಕ ಹಾಕಬೇಡ ಅಂತ ಕೇಳಿಕೊಳ್ಳಿ. ಹಾಗೆ ಕೇಳುವುದು ನಿಮಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಅವನು ಒಪ್ಪಿದರೆ ಒಂದು ದಿನ ಅವನ ಜೊತೆ ಕೇಂದ್ರಕ್ಕೆ ಹೋಗಿ. ಬೈಯುವುದಿದ್ದರೆ ಅವರನ್ನೇ ಬೈಯಿರಿ, ಅವರಿಗೆ ಅಭ್ಯಾಸ ಇದೆ, ಕೂರಿಸಿ ಮಾತಾಡುತ್ತಾರೆ. ಮೆಥಡೋನ್, ಬ್ಯುಪ್ರೆನಾರ್ಫಿನ್ ಎಲ್ಲಿ ಸಿಗುತ್ತದೆ ಅಂತ ಕೇಳಿ. ಬರುವಾಗ ಸ್ಪ್ರೇ ಎರಡು ಕೇಳಿ ತೆಗೆದುಕೊಳ್ಳಿ. ಒಂದು ಅವನ ಬ್ಯಾಗಿಗೆ. ಇನ್ನೊಂದನ್ನು ಮನೆಯಲ್ಲಿ ಕತ್ತಲಲ್ಲೂ ಕೈಗೆ ಸಿಗುವ ಜಾಗದಲ್ಲಿಡಿ, ಎಲ್ಲಿದೆ ಅಂತ ಮನೆಯವರಿಗೆಲ್ಲ ತೋರಿಸಿ.